ಚೆನ್ನಾಗಿ ಕುದಿಸು ಎಂದೆ

ನೀರನ್ನು ಚೆನ್ನಾಗಿ ಕುದಿಸು ಎಂದು ಆ ಹುಡುಗಿಗೆ ಹೇಳಿದವಳು ನಾನು. ಅವಳು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ಒಂದು ಕುದಿ ಬಂದರೆ ಸಾಲದು, ಹದಿನೈದು ನಿಮಿಷ ಕುದಿಯಬೇಕು ಎಂದೆ. ಅವಳು ನನ್ನ ಅಣ್ಣನ ಸೊಸೆ. ಎರಡೂವರೆ ತಿಂಗಳ ಗಂಡುಕೂಸನ್ನು ಎತ್ತಿಕೊಂಡು ಭಾಲ್ಕಿಯ ತವರಿನಿಂದ ಆಗಷ್ಟೇ ಗಂಡನ ಮನೆಗೆ ಬಂದಿದ್ದಳು. ಬಂದ ವಾರದಲ್ಲೇ ಜ್ವರ ಹಿಡಿದು, ಮೈ ಕೆಂಡವಾಗಿ, ಎದೆಹಾಲು ಬತ್ತಿಹೋಗಿತ್ತು. ಔರಾದಿನಿಂದ ಹಾಲಿನ ಪುಡಿಯ ಡಬ್ಬಿ ತರಿಸಿದ್ದರು.

ನಾನು ಬೀದರಿನಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಮನೆ ಭಾಲ್ಕಿಯಲ್ಲಿ. ದಿನಾ ಬೆಳಿಗ್ಗೆ ರೈಲು ಹಿಡಿದು ಹೋಗಿ ಸಂಜೆಗೆ ಬರುತ್ತೇನೆ. ಹುಟ್ಟಿದೂರು ಔರಾದ ತಾಲ್ಲೂಕಿನಲ್ಲಿ, ಎಕಂಬಾಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಪ್ಪ ಹೋದ ಮೇಲೆ ಅಲ್ಲಿ ಅಣ್ಣನದೇ ಒಕ್ಕಲುತನ. ರಜೆ ಸಿಕ್ಕಾಗಲೆಲ್ಲ ನಾನು ಹೋಗುತ್ತಿದ್ದೆ. ಊರಿನವರ ಕಣ್ಣಿಗೆ ನಾನು 'ನೀರಿನ ಆಫೀಸಿನಾಕಿ'. ಯಾರ ಹೊಟ್ಟೆ ಕೆಟ್ಟರೂ ನನ್ನನ್ನೇ ಕೇಳುತ್ತಿದ್ದರು. ನನ್ನ ಉತ್ತರ ಯಾವಾಗಲೂ ಒಂದೇ, ನೀರು ಕುದಿಸಿ ಕುಡಿಯಿರಿ. ಹಾಗೆ ಹೇಳುವುದರಲ್ಲಿ ನನಗೊಂದು ಗತ್ತಿತ್ತು.

ಆ ದಿನ ಸೊಸೆ ಅಂಗಳದ ಒಲೆಯ ಮುಂದೆ ಕೂತಿದ್ದಳು. ಪಾತ್ರೆಯಲ್ಲಿ ಹಳ್ಳದ ನೀರಿತ್ತು.

"ಅತ್ತಿ, ಕೂಸಿನ ಹಾಲಿಗಿ ಈ ನೀರ ನಡೀತದಲ್ರಿ?" ಎಂದಳು.

"ಯಾಕ ನಡಿಯಲ್ಲ? ನಾವೆಲ್ಲ ಅದೇ ಕುಡದು ಬೆಳದೀವಿ. ಆದ್ರ ಛಲೋ ಕುದಿಸು. ಹದಿನೈದ್ ನಿಮಿಷ ಕುದೀಲಿ. ನೀರ ಅರ್ಧ ಆದ್ರೂ ಚಿಂತಿಲ್ಲ."

ನಮ್ಮ ಹಳ್ಳದ ನೀರಿನ ಮೇಲೆ ಊರಿಗೆ ಬಲು ಅಭಿಮಾನ. ಸುತ್ತಲಿನ ಹಳ್ಳಗಳೆಲ್ಲ ಸಂಕ್ರಾಂತಿಯ ಹೊತ್ತಿಗೆ ಒಣಗಿದರೂ ನಮ್ಮದು ಬೇಸಿಗೆಯ ನಡುವಿನವರೆಗೂ ಸಣ್ಣಗೆ ಹರಿಯುತ್ತದೆ. ಕಲ್ಲಿನ ಮೇಲೆ ನಿಂತು ನೋಡಿದರೆ ತಳದ ಹರಳು ಎಣಿಸಬಹುದು. ಬೋರಿನ ನೀರು ಸವುಳು, ನಲ್ಲಿ ಬಂದರೆ ಬಂತು. ಹಾಗಾಗಿ ಕುಡಿಯಲು ಎಲ್ಲರೂ ಹಳ್ಳದ ದಂಡೆಯಲ್ಲಿ ಒರತೆ ತೋಡಿ, ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಳ್ಳುತ್ತಾರೆ. ಇಷ್ಟು ತಿಳಿಯಾದ ನೀರಿನಲ್ಲಿ ಏನಿದ್ದೀತು ಎಂದು ನಾನೂ ಒಮ್ಮೆಯೂ ಪರೀಕ್ಷೆಗೆ ಒಯ್ದಿರಲಿಲ್ಲ. ಜಿಲ್ಲೆಯ ನೂರಾರು ಊರುಗಳ ಬಾಟಲಿ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ನನ್ನ ಊರಿನದು ಮಾತ್ರ ಬಂದಿರಲಿಲ್ಲ.

ಅದೇ ದಿನ ಇನ್ನೊಂದು ಮಾತು ನಡೆಯಿತು. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಕುರಿಗಾರ ದಂಪತಿ ತಮ್ಮ ಹಿಂಡು ಹೊಡೆದುಕೊಂಡು ಬಂದು ಹಳ್ಳದ ಮೇಲ್ದಂಡೆಯಲ್ಲಿ ಬೀಡು ಬಿಡುತ್ತಿದ್ದರು. ಹೊಲಕ್ಕೆ ಗೊಬ್ಬರವಾಗಲೆಂದು ಅಣ್ಣನೇ ಅವರನ್ನು ಕರೆಸುತ್ತಿದ್ದ. ಕುರಿಗಾರನ ಹೆಂಡತಿ, ಐವತ್ತು ದಾಟಿದ ಗಟ್ಟಿ ಹೆಂಗಸು, ಕೂಸಿನ ಸುದ್ದಿ ಕೇಳಿ ತಂಬಿಗೆಯಲ್ಲಿ ಆಡಿನ ಹಾಲು ಹಿಡಿದುಕೊಂಡು ಬಂದಳು.

"ಅಕ್ಕಾ, ಈಗ ಹಿಂಡೇನಿ. ಕಾಸಿ ಜರಾ ಜರಾ ಕುಡಸ್ರಿ. ನನ್ನ ನಾಲ್ಕೂ ಮಕ್ಕಳ ಇದರ ಮ್ಯಾಲೇ ಬೆಳದಾವ."

ಅಣ್ಣನ ಹೆಂಡತಿ, ನನ್ನ ವೈನಿ, ಮೂಗು ಮುರಿದಳು. ಬೇಡ ಎಂದು ಬಾಯಿಬಿಟ್ಟು ಹೇಳಿದವಳು ನಾನೇ. ಇಂಥ ಕೂಸಿಗೆ ಆಡಿನ ಹಾಲು ಕೊಡಬಾರದು, ರೋಗ ಬರುತ್ತದೆ, ಡಬ್ಬಿಯದೇ ಸ್ವಚ್ಛ ಎಂದು ಎರಡು ಮಾತಿನ ಪಾಠ ಮಾಡಿದೆ. ಅವಳು ತಂಬಿಗೆ ಎತ್ತಿಕೊಂಡು ಹೊರಟುಹೋದಳು.

ಹನ್ನೆರಡು ದಿನಕ್ಕೆ ಫೋನು ಬಂತು. ಕೂಸಿನ ತುಟಿ, ಉಗುರು ನೀಲಿಗಟ್ಟಿವೆ, ಅಳುವುದಕ್ಕೂ ಶಕ್ತಿ ಇಲ್ಲ, ಜೀಪಿನಲ್ಲಿ ಬೀದರಿಗೆ ತರುತ್ತಿದ್ದೇವೆ ಎಂದ ಅಣ್ಣ. ನಾನು ಲ್ಯಾಬಿನಿಂದ ನೇರ ದವಾಖಾನೆಗೆ ಹೋದೆ. ಸೊಸೆಯ ತೊಡೆಯ ಮೇಲಿದ್ದ ಕೂಸಿನ ಬಣ್ಣ ಬೂದಿಯಂತಿತ್ತು. ಕೈ ಮುಟ್ಟಿದರೆ ತಣ್ಣಗೆ. ಒಳಗೆ ಒಯ್ದರು. ಸೂಜಿಯಲ್ಲಿ ತೆಗೆದ ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಅದನ್ನು ಕಂಡ ಕ್ಷಣವೇ ನನಗೆ ಗೊತ್ತಾಯಿತು. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಪಾಸಾಗಿದ್ದ ಸಂಗತಿ ಅದು. ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಎಳೆಗೂಸಿನ ಹೊಟ್ಟೆಯಲ್ಲಿ ಅದು ಬೇರೆ ರೂಪ ತಾಳಿ, ರಕ್ತ ಉಸಿರನ್ನು ಹೊರಲಾರದಂತೆ ಮಾಡುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಅಷ್ಟೂ ಉಳಿದು ಗಾಢವಾಗುತ್ತದೆ. ಅರ್ಧಕ್ಕೆ ಇಳಿಸಿದರೆ ಇಮ್ಮಡಿ.

ಡಾಕ್ಟರು ಹೊರಗೆ ಬಂದು ನನ್ನನ್ನು ಕೇಳಿದರು. "ಹಾಲಿನ ಪುಡಿ ಕಲಸಿದ ನೀರು ಎಲ್ಲಿಯದು? ಕುದಿಸುತ್ತಿದ್ದರಾ?"

"ಹೌದ್ರಿ, ಬಹಳ ಹೊತ್ತು," ಎಂದೆ.

"ನೀವು ಏನು ಕೆಲಸ ಮಾಡ್ತೀರಿ?"

ಹೇಳಿದೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು. ಔಷಧ ಏರಿಸಿದರು. ತಡವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಕೂಸು ಹೋಯಿತು.

ಊರಿಗೆ ಮರಳಿದ ಮೇಲೆ ಅಳುವವರಿಗಿಂತ ಬಯ್ಯುವವರೇ ಹೆಚ್ಚಿದ್ದರು. ಬಯ್ಗುಳವೆಲ್ಲ ಸೊಸೆಗೆ. ವೈನಿ ಎಲ್ಲರ ಎದುರು, "ಎದ್ಯಾಗ ಹಾಲಿಲ್ಲದಾಕಿ ತಾಯಿ ಯಾಕ ಆಗ್ಬೇಕಿತ್ತು? ಬಾಟ್ಲಿ ಹಿಡಿಸಿ ನನ್ನ ಮೊಮ್ಮಗನ ಕೊಂದಳು," ಎಂದಳು. ಸೊಸೆ ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಎದ್ದು ನೀರು ಕುಡಿಯುವ ನೆಪದಿಂದ ಒಳಗೆ ಹೋದೆ.

ದಿನಕರ್ಮ ಮುಗಿದ ಮೇಲೆ ಒರತೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಬೀದರಿಗೆ ಒಯ್ದೆ. ಪರೀಕ್ಷೆಯ ಪುಡಿ ಹಾಕಿ ಅಲುಗಿಸಿದರೆ ನೈಟ್ರೇಟ್ ಇದ್ದಷ್ಟೂ ನೀರು ಗುಲಾಬಿಯಾಗುತ್ತದೆ. ನಮ್ಮೂರ ನೀರು ಗುಲಾಬಿಯನ್ನು ದಾಟಿ ಬೀಟ್‌ರೂಟ್ ಬಣ್ಣಕ್ಕೆ ಹೋಯಿತು. ಬಣ್ಣ ಹೋಲಿಸುವ ಅಳತೆ ಕಾಗದದ ಕೊನೆಯ ಚೌಕವನ್ನೂ ಮೀರಿತ್ತು. ದೊಡ್ಡ ಯಂತ್ರದಲ್ಲಿ ಇಟ್ಟು ಮತ್ತೆ ನೋಡಿದೆ. ಅದೂ ಅದನ್ನೇ ಹೇಳಿತು.

ರಿಪೋರ್ಟು ತೆಗೆದುಕೊಂಡು ಊರಿಗೆ ಹೋದಾಗ ಅಣ್ಣನ ಮನೆಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು.

"ಏನದ ನೀರಾಗ?" ಎಂದ ಅಣ್ಣ.

"ನೈಟ್ರೇಟ್ ಅದ. ಬಹಳ ಅದ."

"ಅದು ಎಲ್ಲಿಂದ ಬರ್ತದ?"

"ಸಗಣಿ, ಉಚ್ಚಿ, ಮತ್ತ..." ಎಂದೆ. ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಒಬ್ಬ, "ಕುರಿ! ಮ್ಯಾಲಿನ ದಂಡಿ ಮ್ಯಾಲ ಕುರಿ ಹಟ್ಟಿ ಅದಲ್ಲ!" ಎಂದು ಕೂಗಿದ. ಹೌದು ಹೌದು ಎಂದು ನಾಲ್ಕು ದನಿ ಎದ್ದವು. ನಾನು ಅವರನ್ನು ತಡೆದು ಮಾತು ಪೂರ್ತಿ ಮಾಡಬಹುದಿತ್ತು. ಯಾರೂ ನನ್ನ ಬಾಯಿ ಮುಚ್ಚಿರಲಿಲ್ಲ. ಆದರೆ ಕುರಿಯ ಹೆಸರು ಬಂದೊಡನೆ ನನ್ನೊಳಗೆ ಏನೋ ಹಗುರವಾಯಿತು. ಇನ್ನು ಯಾರೂ ಕುದಿಸಿದ ನೀರಿನ ಮಾತು ಎತ್ತುವುದಿಲ್ಲ ಎನಿಸಿತು. ಸುಮ್ಮನಾದೆ.

ಹಾಡುಹಗಲು. ಎಲ್ಲರೂ ಬಡಿಗೆ ಹಿಡಿದು ಮೇಲ್ದಂಡೆಗೆ ಹೋದರು. ನಾನೂ ಹಿಂದೆ ಹೋದೆ. ಕುರಿಗಾರ ಬಲೆಯ ಬೇಲಿ ಬಿಗಿಯುತ್ತಿದ್ದ. ವಿಷಯ ತಿಳಿಯುವ ಮೊದಲೇ ಅವನ ಬೆನ್ನಿಗೆ ಏಟು ಬಿತ್ತು. ಬಲೆ ಹರಿದರು, ಅಡುಗೆಯ ಗಡಿಗೆ ಒದ್ದರು, ಹಿಂಡಿಗೆ ಕಲ್ಲು ಬೀಸಿದರು. ಗಬ್ಬದ ಕುರಿಯೊಂದು ಓಡಲಾರದೆ ಹಳ್ಳದ ಬಂಡೆಯ ಮೇಲೆ ಜಾರಿಬಿದ್ದು, ಮುಂಗಾಲು ಮುರಿದುಕೊಂಡು ಅಲ್ಲೇ ಒದ್ದಾಡಿತು. ಅಡ್ಡ ಬಂದ ನಾಯಿಯ ತಲೆಗೆ ಅಣ್ಣ ಬಡಿಗೆಯಿಂದ ಹೊಡೆದ. ಅದು ಎರಡನೆಯ ಏಟಿಗೆ ಸತ್ತಿತು. ಆಮೇಲೂ ಎರಡು ಹೊಡೆದ.

"ಸಾವ್ಕಾರ್ರ, ನಿಮ್ಮ ಹೊಲಕ್ಕ ನೀವೇ ಕರಸೀರಲ್ರಿ," ಎಂದು ಕುರಿಗಾರ ಕೈಮುಗಿದ. "ನಾವೇನ್ ಮಾಡೇವ್ರಿ?"

"ನನ್ನ ಮೊಮ್ಮಗನ ತಿಂದೀರಿ. ಇನ್ನೊಮ್ಮೆ ಈ ಹಳ್ಳದ ಕಡಿ ಕಂಡ್ರ ನಿನ್ನೂ ನಾಯಿ ಬಾಜೂಕ ಮಲಗಸ್ತೇನಿ."

ಅವನ ಹೆಂಡತಿ ನನ್ನನ್ನು ಗುರುತಿಸಿದಳು. ಓಡಿಬಂದು ಕೈ ಹಿಡಿದಳು. "ಅಕ್ಕಾ, ನೀವ್ ಓದೀರಿ, ನೀವ್ ಹೇಳ್ರಿ ಇವರಿಗಿ. ನಾವು ಬಂದು ತಿಂಗಳಾ ಆಗಿಲ್ಲ. ತಿಂಗಳದಾಗ ನೀರಿಗಿ ವಿಷ ಹ್ಯಾಂಗ ಆಗ್ತದರಿ?"

ಲ್ಯಾಬಿನಲ್ಲಿ ಕೂತು ನಾನೇ ಕೇಳಿಕೊಳ್ಳದ ಪ್ರಶ್ನೆಯನ್ನು ಅವಳು ಕೇಳಿದ್ದಳು. ಉತ್ತರ ನನಗೆ ಅರ್ಧ ಗೊತ್ತಿತ್ತು. "ಸದ್ಯ ಬ್ಯಾರೆ ಕಡಿ ಹೋಗ್ರಿ," ಎಂದು ಕೈ ಬಿಡಿಸಿಕೊಂಡೆ. ಅವರು ಕಾಲು ಮುರಿದ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು, ಹರಿದ ಬಲೆ ಬಾಚಿಕೊಂಡು ಹೋದರು. ನಾಯಿಯನ್ನು ಹೂಳಲೂ ನಮ್ಮವರು ಬಿಡಲಿಲ್ಲ.

ಅಂದಿನಿಂದ ಆ ಕಡೆ ಯಾವ ಹಿಂಡೂ ಬರಲಿಲ್ಲ. ಹಳ್ಳದ ನೀರು ಈಗ ಶುದ್ಧ ಎಂದು ಊರು ನಂಬಿತು. ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಲ್ಯಾಬಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಬೀದರಿನ ಹಳೆಯ ಊರಿನವರು, ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ಕನ್ನಡ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಮೂವತ್ತು ವರ್ಷ ಬಾವಿ ಹಳ್ಳಗಳ ನೀರು ತುಂಬಿಸಿಕೊಂಡು ಬಂದ ಅನುಭವ ಅವರದು. ಅವರಿಗೆ ಅರ್ಧ ಕಥೆ ಮಾತ್ರ ಹೇಳಿ, ನಮ್ಮೂರ ಹಳ್ಳವನ್ನು ಒಂದು ವರ್ಷ ಪರೀಕ್ಷಿಸೋಣ ಎಂದು ಕೇಳಿಕೊಂಡೆ. ಯಾಕೆ ಎನ್ನದೆ ಒಪ್ಪಿದರು.

ಮಳೆಗಾಲದಲ್ಲಿ ಹಳ್ಳ ಕೆಂಪಗೆ ತುಂಬಿ ಹರಿಯುವಾಗ ತೆಗೆದ ನೀರು ತಿಳಿಗುಲಾಬಿ. ಕುಡಿಯಲು ಹೇಸುವಂಥ ಆ ರಾಡಿಯಲ್ಲೇ ನೈಟ್ರೇಟ್ ಕಡಿಮೆಯಿತ್ತು. ದೀಪಾವಳಿ ಮುಗಿದು ನೀರು ತಿಳಿಯಾಗುತ್ತ ಬಂದ ಹಾಗೆ ಬಣ್ಣ ಗಾಢವಾಗುತ್ತ ಹೋಯಿತು. ಚಳಿಗಾಲದ ಕೊನೆಗೆ, ಮೋಡದ ಸುಳಿವೇ ಇಲ್ಲದಾಗ, ಹರಳು ಕಾಣುವ ಆ ನೀರು ಮತ್ತೆ ಬೀಟ್‌ರೂಟ್ ಬಣ್ಣಕ್ಕೆ ಬಂತು. ಕೂಸು ಸತ್ತ ವರ್ಷಕ್ಕಿಂತ ತುಸು ಹೆಚ್ಚೇ. ಕುರಿ ಒಂದೂ ಇರಲಿಲ್ಲ.

ಚಾಚಾ ನನ್ನನ್ನು ಹಳ್ಳದ ಗುಂಟ ಮೇಲಕ್ಕೆ ನಡೆಸಿಕೊಂಡು ಹೋದರು. ಅಣ್ಣನ ಕಬ್ಬಿನ ಹೊಲದ ಕೆಳಗೆ, ಕರಿಮಣ್ಣು ಮುಗಿದು ಕಲ್ಲು ಶುರುವಾಗುವ ಕಡೆ, ದಂಡೆಯಿಂದ ನೀರು ಬೆವರಿನಂತೆ ಜಿನುಗುತ್ತಿತ್ತು. ಅಲ್ಲಿ ಬಾಟಲಿ ಹಿಡಿದರು. ಹಳ್ಳದ ನೀರಿಗಿಂತಲೂ ಕಡುಬಣ್ಣ.

"ಬೇಟಿ, ಮಳಿ ನಿಂತ ಮ್ಯಾಲ ಹಳ್ಳದಾಗ ಹರಿಯೋದು ಮಳಿ ನೀರಲ್ಲ," ಎಂದರು. "ಎಲ್ಲಾ ನೆಲದ ಒಳಗಿಂದು. ಹೊಲಕ್ಕ ಹಾಕಿದ ಯೂರಿಯಾ, ಖತ ಎಲ್ಲಾ ಬೆಳಿ ತಿಂದು ಉಳದದ್ದು ನೀರಿನ ಜೋಡಿ ಕೆಳಗ ಇಳೀತದ. ಭಾಂವಿಗಿ ಹೋಗ್ತದ, ಅಲ್ಲಿಂದ ಹಿಂಗ ಹಳ್ಳಕ್ಕ ಬರ್ತದ. ನಿನ್ನೆ ಹಾಕಿದ್ದು ಇವತ್ತ ಬರಲ್ಲ. ವರ್ಷಗಟ್ಲೆ ಹಿಂದಿಂದು ಈಗ ಬರ್ಲಾಕತ್ತದ."

"ಕುರಿದು ಅಲ್ಲೇನ್ರಿ ಚಾಚಾ?"

"ಒಂದ್ ತಿಂಗಳ ಕುರಿ ಕೂತ್ರ ಇಷ್ಟು ಆಗ್ತದೇನು? ಕುರಿ ಅಂದವರು ಯಾರು?"

ನಾನು ಇನ್ನೊಂದು ಬಾಟಲಿ ತೆಗೆದುಕೊಂಡು ಮುಂದೆ ನಡೆದೆ. ಅಣ್ಣನ ಬಾವಿಯ ನೀರನ್ನೂ, ಅಕ್ಕಪಕ್ಕದ ಮೂರು ಬಾವಿಗಳ ನೀರನ್ನೂ ನೋಡಿದೆವು. ಎಲ್ಲವೂ ಅದೇ ಬಣ್ಣ. ಎಕರೆಗೆ ಇಷ್ಟೇ ಎಂಬ ಲೆಕ್ಕ ಬಿಟ್ಟು, ಎಲೆ ಸ್ವಲ್ಪ ಹಳದಿಯಾದರೂ ಚೀಲ ಒಡೆದು ಯೂರಿಯಾ ಎರಚಿ ಮೇಲೆ ನೀರು ಹಾಯಿಸುವುದು ಅಣ್ಣನ ಪದ್ಧತಿ. ಊರಿನ ಎಲ್ಲರದೂ ಅದೇ.

ಅಣ್ಣನಿಗೆ ಹೊಲದಲ್ಲೇ ಹೇಳಿದೆ. ಅವನು ಕಬ್ಬಿನ ಸಾಲಿಗೆ ನೀರು ತಿರುಗಿಸುತ್ತಿದ್ದ. ಸಲಿಕೆ ಊರಿ ನಿಂತು ಪೂರ್ತಿ ಕೇಳಿದ. ಸಿಟ್ಟಾಗಲಿಲ್ಲ.

"ನಾ ಇವತ್ತಿನಿಂದ ಖತ ಬಿಟ್ರ ಮುಂದಿನ ವರ್ಷ ನೀರ ಛಲೋ ಆಗ್ತದೇನು?"

"ಮುಂದಿನ ವರ್ಷ ಆಗಲ್ಲ. ಒಳಗ ಇಳದದ್ದು ಹೊರಗ ಬರ್ಬೇಕಲ್ಲ. ಎಷ್ಟ್ ವರ್ಷ ಅಂತ ಹೇಳ್ಲಾಕ ಬರಲ್ಲ."

"ನಾ ಇರೋತನ?"

"ಗೊತ್ತಿಲ್ಲಣ್ಣ."

"ಮತ್ತ ಯಾಕ ಬಿಡ್ಲಿ?" ಎಂದ. ಆಮೇಲೆ, "ಕುರಿಯವರ ಮಾತು ಎಲ್ಲೂ ತಗೀಬ್ಯಾಡ. ನಾಯಿ ಹೊಡದದ್ದು ನಾ. ಊರಾಗ ನನ್ನ ಮಾರಿ ಉಳೀಬೇಕು," ಎಂದು ಸಲಿಕೆ ಎತ್ತಿಕೊಂಡ.

ಆ ಕುರಿಗಾರ ದಂಪತಿ ನನಗೆ ಇನ್ನೊಮ್ಮೆ ಸಿಕ್ಕರು. ಬಗದಲ್ ಕಡೆ ಒಂದು ಬಾವಿಯ ನೀರು ತರಲು ಹೋಗಿದ್ದೆ. ರಸ್ತೆಯ ಪಕ್ಕದ ಹೊಲದಲ್ಲಿ ಹಿಂಡು ಮೇಯುತ್ತಿತ್ತು, ಮೊದಲಿನ ಅರ್ಧದಷ್ಟು. ಹೆಂಗಸು ಬೇಲಿಯ ನೆರಳಲ್ಲಿ ಕೂತಿದ್ದಳು. ಜೀಪು ನಿಲ್ಲಿಸಿ ಹೋಗಿ, ಅಂದು ನಿಮ್ಮದೇನೂ ತಪ್ಪಿರಲಿಲ್ಲ, ನಾನು ಹೇಳಬೇಕಿತ್ತು, ಹೇಳಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಯಾವ ಊರಿನ ಮಾತ್ರಿ ಅಕ್ಕಾ?"

ಊರಿನ ಹೆಸರು ಹೇಳಿದೆ. ನಾಯಿ ಸತ್ತದ್ದು, ಕುರಿಯ ಕಾಲು ಮುರಿದದ್ದು ನೆನಪಿಸಿದೆ.

"ಭಾಳ ಕಡಿ ಹೊಡದು ಹಾಕ್ಯಾರ್ರಿ," ಎಂದಳು. "ನಾಯಿ ಮೂರ ಸತ್ತಾವ. ಯಾವ್ದು ಯಾವ ಊರಾಗ ಅಂತ ನೆಪ್ಪಿಲ್ಲ." ನಾನು ಇನ್ನೂ ನಿಂತೇ ಇದ್ದುದನ್ನು ಕಂಡು, "ಹೋಗ್ರಿ, ಬಿಸಲದ," ಎಂದಳು. ಕ್ಷಮಿಸಲಿಕ್ಕೂ ಅವಳಿಗೆ ನಾನು ನೆನಪಿರಲಿಲ್ಲ.

ಉಳಿದವಳು ಸೊಸೆ. ಕೂಸು ಹೋದ ಎರಡನೇ ತಿಂಗಳಿಗೆ ಅವಳನ್ನು ತವರಿಗೆ ಕಳಿಸಿದ್ದರು. ಕರೆತರುವ ಮಾತೇ ಇರಲಿಲ್ಲ. ಅವಳ ತವರು ಭಾಲ್ಕಿಯಲ್ಲಿ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಒಂದೂವರೆ ವರ್ಷ ನಾನು ಆ ಓಣಿ ತಪ್ಪಿಸಿ ಸುತ್ತು ಹಾಕಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದೆ. ಬಗದಲ್‌ನಿಂದ ಬಂದ ಮಾರನೆಯ ದಿನ ಭಾನುವಾರ. ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಿಂತೇ ಹೇಳಿದೆ. ನೀರಿನಲ್ಲಿ ಏನಿತ್ತು, ಅದು ಎಲ್ಲಿಂದ ಬಂತು, ಕುದಿಸಿದ್ದರಿಂದ ಏನಾಯಿತು.

ಅವಳು ಯಂತ್ರದ ಗಾಲಿ ನಿಲ್ಲಿಸಿದಳು. "ಗೊತ್ತದರಿ ಅತ್ತಿ," ಎಂದಳು. "ದವಾಖಾನ್ಯಾಗ ನರ್ಸ್ ಬಾಯಿ ಅವತ್ತೇ ಹೇಳಿದ್ಳು. ಇಷ್ಟು ಕುದಿಸು ಅಂತ ಯಾರ ಹೇಳ್ಯಾರ ಅಂತ ಕೇಳಿದ್ಳು. ನಾ ನಿಮ್ಮ ಹೆಸರ ಹೇಳ್ಲಿಲ್ಲ."

"ಯಾಕ?"

"ನೀವೇ ಹೇಳ್ತೀರಿ ಅನ್ಕೊಂಡೆ. ನಾ ಹೇಳಿದ್ರ ಯಾರ್ ನಂಬ್ತಿದ್ರು? ದಿನಾ ಕಾದೆ. ಅವರು ಬಯ್ಯುವಾಗ ನಿಮ್ಮ ಕಡಿ ನೋಡ್ತಿದ್ದೆ. ನೀವು ಎದ್ದು ಒಳಗ ಹೋಗ್ತಿದ್ರಿ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. "ನನ್ನ ಮುಂದ ಅತ್ತು ಏನ್ ಮಾಡ್ತೀರಿ? ಹೋಗಿ ಆ ಮನ್ಯಾಗ ಹೇಳ್ರಿ. ಅತ್ತಿ, ಮಾವ, ಅವರು, ಎಲ್ಲರೂ ಇದ್ದಾಗ ಹೇಳ್ರಿ." ಅವರು ಎಂದರೆ ಅವಳ ಗಂಡ. ಹೇಳಿ ಮುಗಿಸಿ ಗಾಲಿ ತಿರುಗಿಸಿದಳು. ಆಮೇಲೆ ತಲೆ ಎತ್ತಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋಗಿ, ಮೂವರೂ ಊಟಕ್ಕೆ ಕೂತಾಗ ಹೇಳಿದೆ. ಕುದಿಸು ಎಂದವಳು ನಾನು. ಆಡಿನ ಹಾಲು ಬೇಡ ಎಂದವಳೂ ನಾನು. ವಿಷ ಬಂದದ್ದು ನಮ್ಮ ಹೊಲಗಳ ಒಳಗಿನಿಂದ. ಆ ಹುಡುಗಿಯದು ಏನೂ ತಪ್ಪಿಲ್ಲ, ಕರೆತನ್ನಿ.

ನನ್ನ ಅಣ್ಣನ ಮಗ ತಟ್ಟೆ ನೋಡುತ್ತ ರೊಟ್ಟಿ ಮುರಿಯುತ್ತಿದ್ದ. ಕೊನೆಗೆ ವೈನಿ, "ನೀ ಹೇಳಿದ್ದಿ, ಖರೇ. ಒಲಿ ಮ್ಯಾಲ ಇಟ್ಟು ಕುದಸಿದಾಕಿ ಆಕೀನೇ ಅಲ್ಲೇನು?" ಎಂದಳು.

"ಅವನಿಗಿ ಬ್ಯಾರೆ ಹೆಣ್ಣ ನೋಡಿ ಆಗ್ಯಾದ," ಎಂದ ಅಣ್ಣ. "ಮಾತು ಕೊಟ್ಟೇವಿ. ನೀ ಇನ್ನ ಈ ಮನಿ ನೀರ ಪರೀಕ್ಷಾ ಮಾಡ್ಲಾಕ ಬರಬ್ಯಾಡ."

ಹೊಸ ಸೊಸೆ ಬಂದದ್ದು ನನಗೆ ಬೇರೆಯವರಿಂದ ತಿಳಿಯಿತು. ಮದುವೆಗೆ ಕರೆ ಬರಲಿಲ್ಲ. ಹಳ್ಳ ಹರಿಯುತ್ತಲೇ ಇದೆ, ಊರು ಅದನ್ನೇ ಕುಡಿಯುತ್ತದೆ. ರಿಪೋರ್ಟನ್ನು ನಾನು ಪಂಚಾಯಿತಿಗೆ ಕೊಟ್ಟೆ, ಒರತೆಯ ಹತ್ತಿರ ಬೋರ್ಡು ಹಾಕಿಸಿದೆ. ವಾರದೊಳಗೆ ಯಾರೋ ಕಿತ್ತು ಎಸೆದರು. ಹಳೆಯ ಸೊಸೆ ಭಾಲ್ಕಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ದಾರಿಯಲ್ಲಿ ಎದುರಾದರೆ ಓಣಿಯ ಆಚೆ ಬದಿಗೆ ಸರಿಯುತ್ತಾಳೆ.

ಕಳೆದ ತಿಂಗಳು ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು ಸಿಕ್ಕಳು. ಹೊಸ ಸೊಸೆ ಏಳು ತಿಂಗಳ ಬಸುರಿ ಎಂದಳು. ಅಣ್ಣ ದಿನ ಬಿಟ್ಟು ದಿನ ಬೈಕಿನ ಮೇಲೆ ಔರಾದಿನಿಂದ ನೀರಿನ ಕ್ಯಾನು ಒಯ್ಯುತ್ತಾನಂತೆ. ಆ ನೀರನ್ನು ಹೊಸ ಸೊಸೆ ಬಿಟ್ಟು ಬೇರೆ ಯಾರೂ ಮುಟ್ಟುವ ಹಾಗಿಲ್ಲವಂತೆ.

"ಯಾಕ ಅಂತ ಕೇಳಿದ್ರ ನಿಮ್ಮ ವೈನಿ ಹೇಳಲ್ಲರಿ," ಎಂದಳು ಆಕೆ. "ನಿಮಗೇನರ ಗೊತ್ತದೇನು?"

ಬಸ್ಸು ಬಂತು. ಗೊತ್ತಿಲ್ಲ ಎಂದು ಹತ್ತಿದೆ.